ಹುಣಸೆಹಣ್ಣು ತಿಂದ ಕೃಷ್ಣ: ಅಗ್ರಹಾರದ ಚಿತ್ರ ರಿಪೇರಿ ಮೇಷ್ಟ್ರ ಬಗ್ಗೆ

ಮೇಷ್ಟ್ರ ಹೆಸರು, ಫೋನ್ ನಂಬರ್ ಇಲ್ಲಿ ಸಿಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅವರೇ ಬೇಡ ಅಂದಿದ್ದಾರೆ. "ಬರೀರಮ್ಮ, ಬೇಡ ಅನ್ನಲ್ಲ. ಆದ್ರೆ ಬಾಗಿಲಲ್ಲಿ ಜನ ನಿಲ್ಲೋ ಹಾಗೆ ಮಾಡ್ಬೇಡಿ. ನಂಗೆ ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಕೂರೋಕಾಗಲ್ಲ." ಮೈಸೂರಿನ ಅಗ್ರಹಾರದ ಒಳಗಡೆ, ಜಗಲಿ ಇರುವ ಹಂಚಿನ ಮನೆ. ಆ ಕಡೆ ಫೋಟೋಗೆ ಕಟ್ಟು ಹಾಕುವವರನ್ನು ಕೇಳಿ. "ಡ್ರಾಯಿಂಗ್ ಮೇಷ್ಟ್ರಾ?" ಅಂತ ದಾರಿ ತೋರಿಸುತ್ತಾರೆ. ನನಗೂ ಹಾಗೇ ಸಿಕ್ಕಿದ್ದು.

ನಾನು ಕುವೆಂಪುನಗರದಲ್ಲಿ ಬ್ಲೌಸ್ ಹೊಲಿಯುವವಳು. 22 ವರ್ಷದಿಂದ ಬಣ್ಣಕ್ಕೆ ಬಣ್ಣ ಹೊಂದಿಸುವುದೇ ನನ್ನ ಕೆಲಸ. ದಾರ, ಲೈನಿಂಗ್ ಎಲ್ಲವನ್ನೂ ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಸಾಲದು, ರಸ್ತೆಗೆ ತಂದು ನೋಡಬೇಕು ಅಂತ ನನ್ನ ಹತ್ತಿರ ಕಲಿಯುವ ಹುಡುಗಿಯರಿಗೆ ದಿನಾ ಹೇಳುತ್ತೇನೆ. ಅಂಥವಳಿಗೆ ನಮ್ಮ ಮನೆ ಕೃಷ್ಣನ ಬಣ್ಣ ಕಣ್ಣೆದುರೇ ಹೋಗುತ್ತಿದ್ದದ್ದು ಗೊತ್ತಾಗಲೇ ಇಲ್ಲ. ದಿನಾ ನೋಡುವ ಮುಖಕ್ಕೆ ವಯಸ್ಸಾಗಿದ್ದು ಕಾಣಲ್ಲ, ಅಲ್ವಾ?

ನಮ್ಮೂರು ಪಾಂಡವಪುರದ ಹತ್ತಿರ. ತಾತ 1958ರಲ್ಲಿ ದಸರಾ ನೋಡಲು ಮೈಸೂರಿಗೆ ಬಂದವರು ಒಂದು ವೇಣುಗೋಪಾಲನ ಚಿತ್ರ ಕೊಂಡು, ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದರಂತೆ. ಮೈಸೂರು ಶೈಲಿಯದು. ಕಿರೀಟ, ಸೊಂಟಪಟ್ಟಿ, ಕೊಳಲಿಗೆ ಸಣ್ಣಗೆ ಉಬ್ಬು ಕೆಲಸ, ಅದರ ಮೇಲೆ ಚಿನ್ನದ ರೇಕು. ತಂಜಾವೂರು ಚಿತ್ರದ ಹಾಗೆ ದಪ್ಪ ಉಬ್ಬಲ್ಲ, ಬೆರಳಾಡಿಸಿದರೆ ಮಾತ್ರ ತಿಳಿಯುತ್ತೆ. ಕೃಷ್ಣ, ಎರಡು ಹಸು, ಪಕ್ಕದಲ್ಲಿ ಪಚ್ಚೆ ಸೀರೆಯ ಗೋಪಿ, ಮೇಲೆ ಆಕಾಶ. ಆಮೇಲೆ ಮನೆ ಪಾಲಾಯಿತು, ಚಿತ್ರ ಅವ್ವನ ಜೊತೆ ಮಂಡ್ಯಕ್ಕೆ ಬಂತು. ಅವ್ವನಿಗೆ ಈಗ 81. ಹೋದ ವರ್ಷ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಗೋಡೆಯಿಂದ ಇಳಿಸಿ ಬಾಗಿಲ ಬೆಳಕಿಗೆ ಹಿಡಿದೆ. ನೀಲಮೇಘಶ್ಯಾಮ ಬೂದಿ ಬಳಿದ ಹಾಗಿದ್ದ. ಮುಖದಲ್ಲಿ, ಎದೆಯಲ್ಲಿ ಬಿಳಿಬಿಳಿ ಮಚ್ಚೆ. ಆಕಾಶ ಒಗೆದೊಗೆದು ಸೋತ ಪಂಚೆಯಂತೆ. ಕೆಂಪು, ಹಳದಿ, ಚಿನ್ನ ಎಲ್ಲ ಚೆನ್ನಾಗೇ ಇವೆ. ನೀಲಿಗೇ ಏನೋ ಬಡಿದಿತ್ತು.

ಮೊದಲು ಮೈಸೂರಿನಲ್ಲೇ ಇನ್ನೊಂದು ಕಡೆ ತೋರಿಸಿದೆ. ದೊಡ್ಡ ಅಂಗಡಿ, ಎ.ಸಿ. ಇತ್ತು. "ಎರಡೂವರೆ ಸಾವಿರ ಕೊಡಿ ಮೇಡಂ, ಕೃಷ್ಣನಿಗೆ ಹೊಸ ಬಣ್ಣ ಹೊಡೆದು ಜಗಮಗ ಮಾಡಿಕೊಡ್ತೀವಿ, ನಾಲ್ಕೇ ದಿನ." ಕೊಟ್ಟೇಬಿಡುತ್ತಿದ್ದೆ. ಆದರೆ ಹಿಂದಿನ ಗೋಡೆಯಲ್ಲಿ ಅವರು ರಿಪೇರಿ ಮಾಡಿಟ್ಟ ಇನ್ನೊಂದು ಚಿತ್ರವಿತ್ತು. ಸರಸ್ವತಿಯ ಮುಖ ಸಿನಿಮಾ ಪೋಸ್ಟರಿನ ಹಾಗಾಗಿತ್ತು. ಹಳೇ ಕಾಂಜೀವರಂಗೆ ನೈಲಾನ್ ತೇಪೆ ಹಾಕಿದ್ದನ್ನು ನೋಡಿದ ಹಾಗೆ ಹೊಟ್ಟೆ ತೊಳಸಿತು. ಆಲೋಚನೆ ಮಾಡಿ ಬರ್ತೀನಿ ಅಂತ ಬಂದವಳು ಆ ಕಡೆ ತಲೆ ಹಾಕಲಿಲ್ಲ.

ಆಷಾಢದಲ್ಲಿ ನಮಗೆ ಕೆಲಸ ಕಮ್ಮಿ. ಆಗ ಮೇಷ್ಟ್ರ ಹತ್ತಿರ ಹೋದೆ. ಅವರು ಚಿತ್ರ ನೋಡುವ ಮೊದಲು ನನ್ನನ್ನೇ ಮುಕ್ಕಾಲು ಗಂಟೆ ವಿಚಾರಿಸಿದರು. ಯಾವ ಗೋಡೆಯಲ್ಲಿತ್ತು? ಎದುರಿಗೆ ಕಿಟಕಿ ಇತ್ತಾ? ಹತ್ತಿರ ದೀಪ ಹಚ್ಚುತ್ತಿದ್ದರಾ? ಯಾರಾದರೂ ಒರೆಸಿದ್ದಾರಾ? ಏನು ಹಾಕಿ ಒರೆಸಿದರು? ಡಾಕ್ಟರೂ ಇಷ್ಟು ಕೇಳಲ್ಲ. ನಾನು "ಒಣಬಟ್ಟೇಲಿ ಅಷ್ಟೇ ಮೇಷ್ಟ್ರೇ" ಅಂದೆ. ಅವರು ಭೂತಗನ್ನಡಿ ಹಿಡಿದು ಕಿರೀಟದ ಅಂಚು ನೋಡಿ, "ಸುಳ್ಳು ಹೇಳ್ಬೇಡಿ ತಾಯಿ, ಇದಕ್ಕೆ ಹುಳಿ ಹಾಕಿದ್ದಾರೆ" ಅಂದುಬಿಟ್ಟರು.

ಅವ್ವನಿಗೆ ಫೋನ್ ಮಾಡಿ ಕೇಳಿದೆ. ನಿಜ. ತಾತನ ತಂಗಿ, ನಾವು ಚಿಕ್ಕಜ್ಜಿ ಅನ್ನುತ್ತಿದ್ದವರು, ಪ್ರತಿ ಗೋಕುಲಾಷ್ಟಮಿಗೆ ಮನೆಯ ದೀಪ, ಬಿಂದಿಗೆ ತೊಳೆದ ಹುಣಸೆಹಣ್ಣಿನ ರಸದಲ್ಲೇ ಬಟ್ಟೆ ಅದ್ದಿ ಕೃಷ್ಣನ ಒಡವೆಯನ್ನೂ ಉಜ್ಜುತ್ತಿದ್ದರಂತೆ. ಚಿನ್ನ ಹೊಳೆಯಲಿ ಅಂತ. ಕಿರೀಟದಿಂದ ರಸ ಹಣೆಗೆ, ಹಣೆಯಿಂದ ಕೆನ್ನೆಗೆ, ಹಾರದಿಂದ ಎದೆಗೆ. ಮಚ್ಚೆ ಎಲ್ಲೆಲ್ಲಿದೆಯೋ ಅದೆಲ್ಲ ಹುಳಿ ಇಳಿದ ದಾರಿ.

ಇಲ್ಲಿಂದ ಮುಂದಿನದು ನಾನು ಕೊಟ್ಟ ದುಡ್ಡಿಗೆ ಸಿಕ್ಕ ಪಾಠ. ಮೈಯ ನೀಲಿ ಅಲ್ಟ್ರಾಮರೀನ್ ಅಂತೆ. ಹಿಂದೆ ಇದನ್ನು ಅಫ್ಘಾನಿಸ್ತಾನದ ಬದಖ್‌ಶಾನ್ ಬೆಟ್ಟದಿಂದ ಬರುವ ಕಲ್ಲನ್ನು ಅರೆದು ಮಾಡುತ್ತಿದ್ದರು. ಯೂರೋಪಿನಲ್ಲಿ ಚಿನ್ನದ ಬೆಲೆ ಇತ್ತು. 1828ರ ಸುಮಾರಿಗೆ ಫ್ರಾನ್ಸ್‌ನ ಗಿಮೆ ಅನ್ನುವವನು ಕಾರ್ಖಾನೆಯಲ್ಲಿ ಮಾಡುವ ದಾರಿ ಕಂಡುಹಿಡಿದ ಮೇಲೆ ಅಗ್ಗವಾಯಿತು. ಎಷ್ಟು ಅಗ್ಗ ಅಂದರೆ ಬಿಳಿ ಬಟ್ಟೆಗೆ ಹಾಕುವ ನೀಲಿಗೂ ಅದೇ ಪುಡಿ ಬಂತು. "ಇದರೊಳಗೆ ಗಂಧಕ ಇದೆ, ಸಣ್ಣ ಪಂಜರದಲ್ಲಿ ಗಿಳಿ ಕೂಡಿಟ್ಟ ಹಾಗೆ" ಅಂದರು ಮೇಷ್ಟ್ರು. "ನಾವು ನೋಡೋ ನೀಲಿ ಆ ಗಿಳಿಯದ್ದು. ಬಿಸಿಲು ಬಂದ್ರೂ ಅದಕ್ಕೆ ಏನಾಗಲ್ಲ. ಆದ್ರೆ ಹುಳಿ ತಾಗಿದ್ರೆ ಪಂಜರ ಮುರಿಯುತ್ತೆ. ಗಿಳಿ ಹಾರಿಹೋಗುತ್ತೆ."

ನನಗೆ ನಂಬಿಕೆ ಬರಲಿಲ್ಲ ಅನ್ನುವುದು ಮುಖದಲ್ಲಿ ಕಂಡಿರಬೇಕು. ಚಿತ್ರಗಾರರ ಅಲ್ಟ್ರಾಮರೀನ್ ಪುಡಿ ಚಿಟಿಕೆಯಷ್ಟು ಒಂದು ಬಟ್ಟಲಿಗೆ ಹಾಕಿ ನಿಂಬೆಹಣ್ಣು ಹಿಂಡಿದರು. ಬಟ್ಟಲ ಮೇಲೆ ಗಾಜು ಮುಚ್ಚಿ, "ನಾಳೆ ಬನ್ನಿ" ಅಂದರು. ಮರುದಿನ ಗಾಜು ತೆಗೆದಾಗ ಮೊದಲು ಬಂದದ್ದು ಕೊಳೆತ ಮೊಟ್ಟೆ ವಾಸನೆ. ಆಮೇಲೆ ನೋಡಿದರೆ ಪುಡಿ ಮಾಸಲು ಬೂದಿ. ಅದೇ ನಮ್ಮ ಕೃಷ್ಣನ ಕೆನ್ನೆಯ ಬಣ್ಣ.

ಆಕಾಶದ ಕಥೆ ಬೇರೆ. ಹಳೆಯ ಕಟ್ಟು ಬಿಚ್ಚಿದಾಗ ಮರದ ತುಟಿಯ ಕೆಳಗೆ ಅಡಗಿದ್ದ ಬೆರಳಗಲ ಜಾಗ ಕಂಡಿತು. ಅದರ ಬಣ್ಣ ನೋಡಿ ನಾನು ಮಾತಾಡಲಿಲ್ಲ. ಕಡು ಅಲ್ಲ, ತಿಳಿಯೂ ಅಲ್ಲ, ಮಳೆ ನಿಂತ ಮೇಲೆ ಕೆ.ಆರ್.ಎಸ್. ಹಿನ್ನೀರಿನ ಕಡೆ ಕಾಣುತ್ತಲ್ಲ, ಆ ನೀಲಿ. ಅದರ ಪಕ್ಕಕ್ಕೇ ಗೆರೆ ಕೊರೆದ ಹಾಗೆ ಸತ್ತ ಬಿಳಿ. ಅರವತ್ತು ವರ್ಷ ಎದುರು ಕಿಟಕಿಯ ಬೆಳಕು ಕುಡಿದದ್ದು. ನಮ್ಮ ಕಡೆಯ ಸೀರೆ ಅಂಗಡಿಗಳಲ್ಲಿ ಗಾಜಿನ ಹಿಂದೆ ಮಡಿಸಿಟ್ಟ ಸೀರೆಗೆ ಮಡಿಕೆಯ ಉದ್ದಕ್ಕೂ ಹೀಗೇ ಗೆರೆ ಬಿದ್ದಿರುತ್ತೆ. ಅದನ್ನು ಡಿಸ್ಕೌಂಟಿನಲ್ಲಿ ಕೊಂಡು ನನ್ನ ಹತ್ತಿರ ತರುತ್ತಾರೆ, ಸರಿಮಾಡಿ ಅಂತ.

ಇದು ಪ್ರಷ್ಯನ್ ಬ್ಲೂ ಅನ್ನುವ ಬಣ್ಣ. 1700ರ ಆಸುಪಾಸು ಬರ್ಲಿನ್‌ನಲ್ಲಿ ಕೆಂಪು ಮಾಡಲು ಹೋಗಿ ತಪ್ಪಿ ನೀಲಿ ಆಯಿತಂತೆ. ಅದರಲ್ಲಿರುವುದು ಕಬ್ಬಿಣ. ಎರಡು ಬಗೆಯ ಕಬ್ಬಿಣ ಅಕ್ಕಪಕ್ಕ ಇರುವ ತನಕ ನೀಲಿ. ಬೆಳಕು ಬಡಿದು ಬಡಿದು ಎರಡೂ ಒಂದೇ ಬಗೆಯಾಗಿಬಿಟ್ಟರೆ ಬಣ್ಣವೇ ಇಲ್ಲ. ಅದನ್ನು ಗಟ್ಟಿಯಾಗಿ ಬಳಿದರೆ ತುಂಬ ಕಾಲ ತಡೆಯುತ್ತೆ. ಆಕಾಶಕ್ಕೆ ಬೇಕು ಅಂತ ಬಿಳಿ ಜಾಸ್ತಿ ಸೇರಿಸಿ ತೆಳ್ಳಗೆ ಮಾಡಿದರೆ ಬೇಗ ಸೋಲುತ್ತೆ. ಹಾಲಿಗೆ ನೀರು ಬೆರೆಸಿದ ಹಾಗೆ ಅಂದುಕೊಂಡಿದ್ದೆ. ಹಾಗಲ್ಲ, ಬಿಳಿಯ ಮಧ್ಯೆ ಒಂದೊಂದು ನೀಲಿ ಕಣವೂ ಒಂಟಿಯಾಗಿ ಬೆಳಕಿಗೆ ಸಿಕ್ಕಿಬೀಳುತ್ತೆ ಅಂದರು.

ಎರಡು ನೀಲಿಯಲ್ಲಿ ಯಾವುದು ಯಾವುದು ಅಂತ ಹೇಗೆ ಗೊತ್ತಾಯಿತು ಅಂತ ಕೇಳಿದೆ. ಮೇಷ್ಟ್ರು ಎಲೆ ಅಡಿಕೆ ಹಾಕುವವರು. ಸೊಂಟದ ಸುಣ್ಣದ ಡಬ್ಬಿ ತೆಗೆದರು! ಅಂಚಿನಿಂದ ಸೂಜಿಮೊನೆಯಷ್ಟು ಬಣ್ಣ ಕೆರೆದು ಗಾಜಿನ ಮೇಲಿಟ್ಟು ಸುಣ್ಣದ ತಿಳಿ ಮುಟ್ಟಿಸಿದರು. ಆಕಾಶದ ಕಣ ಸ್ವಲ್ಪ ಹೊತ್ತಿಗೆ ತುಕ್ಕಿನ ಕಂದು. ಮೈಯದು ಹಾಗೇ ನೀಲಿ. ಒಂದಕ್ಕೆ ಹುಳಿ ಆಗಲ್ಲ, ಇನ್ನೊಂದಕ್ಕೆ ಸುಣ್ಣ ಆಗಲ್ಲ. ನಮ್ಮ ಅತ್ತೆ, ಓರಗಿತ್ತಿ ನೆನಪಾದರು.

ಗೋಪಿಯದು ಮೂರನೇ ಕಥೆ, ಇದರಲ್ಲಿ ನನ್ನ ತಪ್ಪೂ ಇದೆ. 1994ರಲ್ಲಿ ಅವ್ವ ಮಂಡ್ಯಕ್ಕೆ ಬಂದಾಗ ಚಿತ್ರವನ್ನು ಕಟ್ಟು ಹಾಕಿಸಲು ಕೊಂಡುಹೋದವಳು ನಾನೇ. ಆ ಅಂಗಡಿಯವರು "ಹೊಳಪು ಬರಲಿ" ಅಂತ ಮೇಜು ಕುರ್ಚಿಗೆ ಹಚ್ಚುವ ಅರಗಿನ ಪಾಲಿಶ್ ಗೋಪಿಯ ಮೇಲೆ ಬಳಿದುಕೊಟ್ಟರು. ಅಂಗಡಿ ಈಗಿಲ್ಲ, ಅವರನ್ನು ಬೈದು ಪ್ರಯೋಜನವಿಲ್ಲ. ಆಗ ನಾನೂ ಎಷ್ಟು ಚೆನ್ನಾಗಿದೆ ಅಂದಿದ್ದೆ. ಮೈಸೂರು ಶೈಲಿಯ ಚಿತ್ರಕ್ಕೆ ಇಂಥ ಪಾಲಿಶ್ ಬೇಕಾಗಿಯೇ ಇರಲಿಲ್ಲ. ವರ್ಷ ಹೋದ ಹಾಗೆ ಅದು ಹಳದಿಯಾಗಿ, ಜೇನಿನ ಬಣ್ಣಕ್ಕೆ ತಿರುಗಿತು. ಹಳದಿ ಗಾಜಿನಿಂದ ನೀಲಿ ನೋಡಿದರೆ ಏನು ಕಾಣುತ್ತೆ? ಹಸಿರು.

ಆ ಪಾಲಿಶ್ ತೆಗೆದ ದಿನ ನಾನು ಪಕ್ಕದಲ್ಲೇ ಕೂತಿದ್ದೆ. ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಹಿಂಡಿ, ಗೋಪಿಯ ಸೆರಗಿನ ತುದಿಯಲ್ಲಿ ಕಾಳಿನಷ್ಟು ಜಾಗದಲ್ಲಿ ಸುಮ್ನೆ ಉರುಳಿಸಿದರು. ಉಜ್ಜಲಿಲ್ಲ, ಉರುಳಿಸಿದರು, ಅಷ್ಟೇ. ಹತ್ತಿ ಕಂದಾಯಿತು. ಅದನ್ನು ಬಿಸಾಕಿ ಇನ್ನೊಂದು. ಅರಗು ಸ್ಪಿರಿಟ್‌ಗೆ ಕರಗುತ್ತೆ, ಬಣ್ಣವನ್ನು ಹಿಡಿದಿರುವ ಗೋಂದು ಕರಗಲ್ಲ. ನೀರು ಹಾಕಿದ್ದರೆ ಉಲ್ಟಾ ಆಗಿ ಗೋಪಿಯೇ ಕರಗಿಹೋಗುತ್ತಿದ್ದಳು. ಎಂಟೋ ಹತ್ತೋ ಕಡ್ಡಿ ಆದ ಮೇಲೆ ಆ ಕಾಳಿನಷ್ಟು ಜಾಗದಲ್ಲಿ ಬಣ್ಣ ಬದಲಾಯಿತು. ಪಚ್ಚೆ ಅಲ್ಲ. ಕಡು ನೀಲಿ, ನವಿಲಿನ ಕುತ್ತಿಗೆಯದು. ಮಧ್ಯೆ ಎಳ್ಳುಕಾಳಿನಷ್ಟು ಬಿಳಿ ಬುಟ್ಟಾ! ಸೀರೆಗೆ ಬುಟ್ಟಾ ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ. ಇದೂ ಪ್ರಷ್ಯನ್ ನೀಲಿಯೇ, ಆದರೆ ಬಿಳಿ ಬೆರೆಸದೆ ಗಟ್ಟಿಯಾಗಿ ಹಾಕಿದ್ದರಿಂದ ಉಳಿದಿತ್ತು. ದಿನಕ್ಕೆ ಅಂಗೈಯಷ್ಟು ಜಾಗ, ಅದಕ್ಕಿಂತ ಜಾಸ್ತಿ ಮಾಡುತ್ತಿರಲಿಲ್ಲ.

ಕೆಲಸದ ಮಧ್ಯೆ ಅವರ ಮಾತು ಎಲ್ಲೆಲ್ಲಿಗೋ ಹೋಗುತ್ತೆ. ಯೂರೋಪಿನ ಚಿತ್ರಗಾರರು ಕಲ್ಲಿನ ನೀಲಿ ಕೊಳ್ಳಲಾಗದೆ ಸ್ಮಾಲ್ಟ್ ಅಂತ ನೀಲಿ ಗಾಜಿನ ಪುಡಿ ಹಾಕುತ್ತಿದ್ದರಂತೆ. ನನ್ನ ಬಳೆ ತೋರಿಸಿ, "ಇದನ್ನೇ ಕುಟ್ಟಿದ ಹಾಗೆ" ಅಂದರು. ದಪ್ಪಗೆ ಕುಟ್ಟಿದರೆ ಬಣ್ಣ ಕಡು, ನುಣ್ಣಗೆ ಅರೆದರೆ ಪೇಲವ. ಅದನ್ನು ಎಣ್ಣೆಯಲ್ಲಿ ಕಲಸಿ ಬಳಿದರೆ ಗಾಜಿನೊಳಗಿನ ಪೊಟ್ಯಾಸಿಯಂ ನಿಧಾನವಾಗಿ ಎಣ್ಣೆಗೆ ಇಳಿದು ನೀಲಿ ಹೋಗಿ ಬೂದುಗಂದು ಆಗುತ್ತೆ. ರೆಂಬ್ರಾಂಟ್‌ನ ಚಿತ್ರಗಳಲ್ಲೂ ಹಾಗಾಗಿದೆ. ವ್ಯಾನ್ ಗೋ ತನ್ನ ಮಲಗುವ ಕೋಣೆಯ ಗೋಡೆಗೆ ನೇರಳೆ ಹಾಕಿದ್ದ, ಅದರಲ್ಲಿದ್ದ ಕೆಂಪು ಹಾರಿಹೋಗಿ ಈಗ ನೀಲಿ ಮಾತ್ರ ಉಳಿದಿದೆ. ಅಂದರೆ ಸೋಲುವುದು ಯಾವಾಗಲೂ ನೀಲಿಯೇ ಅಲ್ಲ. ನಮ್ಮ ಬೀದಿಯ ಸಲೂನಿನಲ್ಲಿ ಹಳೇ ಹೀರೋಗಳ ಪೋಸ್ಟರ್ ಎಲ್ಲ ನೀಲಿಗಟ್ಟಿವೆ, ಗಮನಿಸಿದ್ದೀರಾ? ಪ್ರಿಂಟಿನಲ್ಲಿ ಮೊದಲು ಹೋಗುವುದು ಹಳದಿ, ಕೆಂಪು. ಕೊನೆಗೆ ಗಟ್ಟಿಯಾಗಿ ನಿಲ್ಲುವುದು ನೀಲಿ ಶಾಯಿ. ಇನ್ನು ನಮ್ಮ ಮೈಸೂರಿನಲ್ಲೇ ತಯಾರಾಗುವ ವೋಟಿನ ಶಾಯಿಯಂತೂ ಪೂರಾ ಉಲ್ಟಾ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ಬಿದ್ದಷ್ಟೂ ಕಪ್ಪಾಗಿ ಕೂರುತ್ತೆ. "ಕೃಷ್ಣನಿಗೆ ಅದನ್ನೇ ಬಳಿದುಬಿಡಿ ಮೇಷ್ಟ್ರೇ" ಅಂದೆ. ನಗಲಿಲ್ಲ.

ಇಷ್ಟೆಲ್ಲ ಆದ ಮೇಲೆ ಅವರು ಹೇಳಿದ ಮಾತಿಗೇ ನಾನು ಈ ವಿಮರ್ಶೆ ಬರೆಯಲು ಕೂತದ್ದು. "ಹೋದ ನೀಲಿ ವಾಪಸ್ ಬರಲ್ಲಮ್ಮ. ಮೇಲೆ ಬಣ್ಣ ಹೊಡೆದು ಬಂದಿದೆ ಅಂತ ನಿಮಗೆ ತೋರಿಸಬಹುದು, ಆದ್ರೆ ಆಗ ಅದು ನನ್ನ ಕೃಷ್ಣ, ನಿಮ್ಮ ತಾತಂದಲ್ಲ." ಕೆನ್ನೆ, ಎದೆಯ ಮಚ್ಚೆಗಳಲ್ಲಿ ತೀರಾ ಕಣ್ಣಿಗೆ ಹೊಡೆಯುವ ಕಡೆ ಮಾತ್ರ, ಬೇಕೆಂದರೆ ನಾಳೆ ತೆಗೆಯಬಹುದಾದ ಬಣ್ಣದಿಂದ ಚುಕ್ಕಿ ಚುಕ್ಕಿ ಇಟ್ಟರು. ಅದಕ್ಕೆ ಬಳಸಿದ್ದು ಕೋಬಾಲ್ಟ್ ನೀಲಿ. ಬೆಳಕಿಗೂ ಬಗ್ಗಲ್ಲ, ಹುಳಿಗೂ ಬಗ್ಗಲ್ಲ. ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಪಿಬಿ 28 ಅಂತಿತ್ತು. ಪಿಬಿ ಅಂದರೆ ಪಿಗ್ಮೆಂಟ್ ಬ್ಲೂ, ಒಳಗಿರುವ ನೀಲಿ ಪುಡಿ ಯಾವುದು ಅಂತ ಹೇಳುವ ನಂಬರ್. ಬಣ್ಣ ಕೊಳ್ಳುವಾಗ ಹೆಸರು ನೋಡಬೇಡಿ, ಆ ನಂಬರ್ ನೋಡಿ ಅಂದರು. ಅಲ್ಟ್ರಾಮರೀನ್ 29, ಪ್ರಷ್ಯನ್ 27. ಮನೆಗೆ ಬಂದು ಮಗಳ ಬಣ್ಣದ ಡಬ್ಬಿ ನೋಡಿದೆ. ಒಂದು ಟ್ಯೂಬಿನ ಮೇಲೂ ನಂಬರ್ ಇಲ್ಲ, "ಸ್ಕೈ ಬ್ಲೂ" ಅಂತ ಮಾತ್ರ ಇದೆ.

ಆಕಾಶಕ್ಕೆ ಕುಂಚವನ್ನೇ ಮುಟ್ಟಿಸಲಿಲ್ಲ. ಬೀರುವಿನಲ್ಲಿ, ಕತ್ತಲಲ್ಲಿ, ಗಾಳಿಯಾಡುವ ಹಾಗೆ ಆರು ವಾರ ಇಟ್ಟರು. ಪ್ರಷ್ಯನ್ ನೀಲಿಗೆ ಒಂದು ಗುಣವಿದೆಯಂತೆ. ಬೆಳಕಿನಲ್ಲಿ ಸೋತದ್ದು ಕತ್ತಲಲ್ಲಿ ಗಾಳಿ ತಾಗಿದರೆ ಸ್ವಲ್ಪ ಚೇತರಿಸಿಕೊಳ್ಳುತ್ತೆ. ಕೆಲಸ ಮಾಡದೆ ಕಾಲ ತಳ್ಳುತ್ತಿದ್ದಾರೆ ಅಂತಲೇ ನನ್ನ ಅನುಮಾನ. ತೆಗೆದಾಗ ಅಂಚಿನ ಗೆರೆ ಮೊದಲಿನಷ್ಟು ಚೂಪಾಗಿ ಕಾಣಲಿಲ್ಲ. ನನಗೆ ವ್ಯತ್ಯಾಸ ಕಂಡಿತು. ನಮ್ಮ ಯಜಮಾನರಿಗೆ ಏನೂ ಕಾಣಲಿಲ್ಲ. ಕಾದದ್ದಕ್ಕೆ ದುಡ್ಡು ಹಾಕಿರಲಿಲ್ಲ.

ಈಗ ಕೊರತೆ. ಗೌರಿ ಹಬ್ಬಕ್ಕೆ ಕೊಡ್ತೀನಿ ಅಂದವರು ದೀಪಾವಳಿ ಮುಗಿದ ಮೇಲೆ ಕೊಟ್ಟರು. (ಬ್ಲೌಸ್ ವಿಷಯದಲ್ಲಿ ನನ್ನ ಗಿರಾಕಿಗಳೂ ಇದನ್ನೇ ಹೇಳುತ್ತಾರೆ, ಅದಕ್ಕೆ ಜಾಸ್ತಿ ಬೈಯಲಾರೆ.) ಫೋನ್ ಎತ್ತುವುದಿಲ್ಲ. ರಸೀದಿ ಅಂದರೆ ಮದುವೆ ಕಾರ್ಡಿನ ಹಿಂದೆ ಬರೆದ ಚೀಟಿ. ಒಟ್ಟು 9,000 ಆಯಿತು, ಕಟ್ಟಿನದು ಬೇರೆ 2,800. ಮೊದಲು ಹೇಳಿದ್ದು 7,000. ಪಾಲಿಶ್ ಎರಡು ಪದರ ಇತ್ತು ಅಂತ ಜಾಸ್ತಿ ಮಾಡಿದರು. ಆಗಲೇ ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ, ಇದು ನನಗೆ ಬೇಜಾರು. ಬಿಸಿಲಿನ ಕೆಟ್ಟ ಕಿರಣ ತಡೆಯುವ ಅಕ್ರಿಲಿಕ್ ಹಾಳೆ ಹಾಕಿಸಿ ಅಂತ ಬಹಳ ಒತ್ತಾಯ ಮಾಡಿದರು. ಬೆಲೆ ಕೇಳಿ ನಾನು ಮಾಮೂಲಿ ಗಾಜೇ ಹಾಕಿಸಿದೆ. ಹಾಗಿದ್ದರೆ ಗೋಡೆಯನ್ನಾದರೂ ಬದಲಾಯಿಸಿ ಅಂದರು. ಮ್ಯೂಸಿಯಂಗಳಲ್ಲಿ ಕಾಗದದ ಚಿತ್ರಗಳಿಗೆ 50 ಲಕ್ಸ್‌ನಷ್ಟೇ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕು ಇಡುತ್ತಾರಂತೆ, ಸುಡುಬಿಸಿಲಿನದು ಒಂದು ಲಕ್ಷದ ಹತ್ತಿರ. ಅವ್ವನ ಮನೆಯಲ್ಲಿ ಕೃಷ್ಣ ಈಗ ನಡುಮನೆಯ ಒಳಗೋಡೆಗೆ ಹೋಗಿದ್ದಾನೆ. ದೀಪ ಎದುರಿಗಿಲ್ಲ, ಪಕ್ಕಕ್ಕೆ.

ಮಂಡ್ಯಕ್ಕೆ ತಂದು ಬಿಚ್ಚಿ ತೋರಿಸಿದಾಗ ಅವ್ವ ಕೃಷ್ಣನನ್ನು ನೋಡಲೇ ಇಲ್ಲ. ಗೋಪಿಯನ್ನೇ ನೋಡಿ, "ಇವ್ಳು ಯಾವಳವ್ವಾ? ಪಚ್ಚೆ ಸೀರೆಯೋಳು ಎಲ್ಗೋದ್ಲು?" ಅಂದಳು. ಮೊದಲಿಂದಲೂ ನೀಲಿಯೇ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ತಾನು ಮದುವೆಯಾಗಿ ಬಂದ ದಿನ ನೋಡಿದ್ದೂ ಪಚ್ಚೆಯೇ ಅಂತ ವಾದ. ಆಗ ಪಾಲಿಶ್ ಇರಲೇ ಇಲ್ಲ, ಪಚ್ಚೆ ಕಾಣುವ ಹಾಗೇ ಇಲ್ಲ. ಬಿಟ್ಟುಬಿಟ್ಟೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಆ ಎರಡು ಸಾವಿರಕ್ಕೆ, ದೀಪಾವಳಿಗಲ್ಲ.

ಹೋಗುವವರು ಮಧ್ಯಾಹ್ನ ಒಂದರಿಂದ ನಾಲ್ಕು ಬಿಟ್ಟು ಹೋಗಿ, ಮಲಗಿರುತ್ತಾರೆ. ಚಿತ್ರವನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಬೇಡಿ, ಹಳೇ ಕಾಟನ್ ಸೀರೆ ಸಾಕು. ಮೇಷ್ಟ್ರು ಬೈಯುತ್ತಾರೆ ಅಂತ ಹೋಗುವ ಮುಂಚೆ ಧೂಳು ಒರೆಸಲು ಹೋಗಬೇಡಿ. ಒರೆಸಿಕೊಂಡು ಹೋದರೆ ಇನ್ನೂ ಜಾಸ್ತಿ ಬೈಯುತ್ತಾರೆ.